ಒಂದೇ ಗಾಲಿ ಎತ್ತುವವರು

ಬೂದಿ ಬುಧವಾರದ ಸಂಜೆ, ಪಾದ್ರಿ ಹಚ್ಚಿದ ಬೂದಿ ಮೂವರ ಹಣೆಯ ಮೇಲೂ ಇನ್ನೂ ಇತ್ತು. ಫರ್ನಾಂಡ್ ಬಟಾಣಿ ಸಾರು ಬಡಿಸಿ, ಬ್ರೆಡ್ಡು ಕತ್ತರಿಸಿಟ್ಟು ಕೂತಳು. ಮಗಳು ಓಡೀಲ್ ಚಮಚ ಮುಟ್ಟಲಿಲ್ಲ.

"ಪೋರ್ಟ್‌ಲ್ಯಾಂಡ್ ಆಸ್ಪತ್ರೇಲಿ ಕೆಲಸ ಸಿಕ್ತು," ಅಂದಳು. "ಆಪರೇಷನ್ ಸಾಮಾನು ತೊಳೆದು ಕಟ್ಟಿಡೋದು. ಹಗಲು ಪಾಳಿ. ಈಸ್ಟರ್ ಮಾರನೇ ದಿನ, ಸೋಮವಾರ ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು."

"ಏನು?" ಅಂದ ಆರ್ಮಂಡ್.

ಮೂವತ್ತೆಂಟು ವರ್ಷ ಗಿರಣಿಯ ಮಗ್ಗಗಳ ನಡುವೆ ಕಳೆದ ಗಂಡಸಿಗೆ ಯಾವ ಮಾತನ್ನೂ ಒಂದು ಸಲ ಹೇಳಿದರೆ ಸಾಲದು. ಲೂಯಿಸ್ಟನ್ನಿನ ನಮ್ಮ ಬೀದಿಯಲ್ಲಿ ಅಂಥ ಮುದುಕರು ಮನೆಗೊಬ್ಬರು. ಓಡೀಲ್ ಅದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು.

"ಅಲ್ಲೇ ಇರ್ತೀಯಾ?" ಎಂದಳು ತಾಯಿ.

"ವಾರವೆಲ್ಲ ಅಲ್ಲಿ. ಒಬ್ಬ ಹೆಂಗಸಿನ ಮನೆ ಮಹಡಿ ಮೇಲೆ ಕೋಣೆ ನೋಡಿದೀನಿ. ಶನಿವಾರ ಬರ್ತೀನಿ."

"ಇಲ್ಲಿ ಕೆಲಸಕ್ಕೇನು ಬರಗಾಲವಾ?"

"ಇಲ್ಲಿರೋ ಕೆಲಸ ನಿಂಗೆ ಗೊತ್ತಲ್ಲಮ್ಮ. ವೃದ್ಧಾಶ್ರಮದಲ್ಲಿ ಎತ್ತೋದು, ಮಲಗಿಸೋದು, ಮತ್ತೆ ಎತ್ತೋದು. ನನ್ನ ಸೊಂಟ ಹೋಯ್ತು. ನಲವತ್ತೇಳು ನಂಗೆ, ಇನ್ನೊಂದು ಸಲ ಯಾರು ಕರೀತಾರೆ? ಸೋಮವಾರ ಬರದಿದ್ರೆ ಪಟ್ಟಿಯಲ್ಲಿ ಮುಂದಿನವಳಿಗೆ ಕೊಡ್ತೀವಿ ಅಂತ ಬರೆದೇ ಕಳಿಸಿದಾರೆ."

ಐದು ವರ್ಷದ ಹಿಂದೆ ಆರ್ಮಂಡನಿಗೆ ಹೃದಯದ ಆಪರೇಷನ್ ಆದಾಗ ಓಡೀಲ್ ಎರಡು ವಾರಕ್ಕೆಂದು ಬಂದಿದ್ದಳು. ಗಂಡ ಎನ್ನುವವನು ಅದಕ್ಕೂ ಮೊದಲೇ ದೂರವಾಗಿದ್ದ. ಎರಡು ವಾರದ ಬಟ್ಟೆ ತಂದಿದ್ದ ಚೀಲ ಈಗಲೂ ಅವಳ ಮಂಚದ ಕೆಳಗಿತ್ತು.

"ಆ ಕಾರಲ್ಲಿ ಹೋಗ್ತೀಯಾ?" ಆರ್ಮಂಡ್ ಬ್ರೆಡ್ಡನ್ನು ಸಾರಿನಲ್ಲಿ ಅದ್ದಿದ. "ಮುಂದೆ ಕಟಕಟ ಅನ್ನುತ್ತೆ ಅಂತ ನೀನೇ ಅಂದೆ. ಅದೇನು ಅಂತ ತಿಳಿಯದೆ ಹೈವೇ ಹತ್ತಿಸ್ತೀಯಾ? ನಾನು ನೋಡ್ತೀನಿ."

"ಗ್ಯಾರೇಜಿಗೆ ಬಿಡ್ತೀನಿ ಅಪ್ಪ."

"ನಾನು ಸತ್ತ ಮೇಲೆ ಬಿಡು. ನಮ್ಮನೆ ಕಾರು ಇದುವರೆಗೂ ಗ್ಯಾರೇಜಿನ ಬಾಗಿಲು ಕಂಡಿಲ್ಲ."

ಅದು ನಿಜ. ಆರ್ಮಂಡ್ ಗಿರಣಿಯಲ್ಲಿ ಮಗ್ಗ ರಿಪೇರಿಯವನು. ಗಿರಣಿ ಮುಚ್ಚಿದ ಮೇಲೆ ಬೀದಿಯವರ ಹುಲ್ಲು ಕತ್ತರಿಸುವ ಯಂತ್ರ, ಹಿಮ ಎಸೆಯುವ ಯಂತ್ರ, ಹೊಲಿಗೆ ಯಂತ್ರ ಎಲ್ಲ ಅವನ ಶೆಡ್ಡಿಗೇ ಬರುತ್ತಿದ್ದವು. ನೀಲಿ ಕಾರು ಹತ್ತೊಂಬತ್ತು ವರ್ಷದ್ದು. ಆಪರೇಷನ್ನಿನ ನಂತರ ಅವನು ಓಡಿಸುವುದು ಬಿಟ್ಟು ಮಗಳ ಹೆಸರಿಗೆ ಮಾಡಿಕೊಟ್ಟಿದ್ದ. ಫರ್ನಾಂಡ್ ಓಡಿಸುವುದನ್ನು ಕಲಿತವಳೇ ಅಲ್ಲ.

ಊಟ ಮುಗಿಯುವ ಹೊತ್ತಿಗೆ ತಪಸ್ಸುಕಾಲದ ವ್ರತದ ಮಾತು ಬಂತು. ಈಸ್ಟರ್ ತನಕ ಯಾರು ಏನು ಬಿಡುತ್ತಾರೆ ಎಂದು ಆ ದಿನ ಮೇಜಿನ ಮೇಲೇ ಹೇಳಿಬಿಡಬೇಕು. ಫರ್ನಾಂಡ್ ಸಕ್ಕರೆ ಬಿಟ್ಟಳು, ಓಡೀಲ್ ಸಿಗರೇಟು ಬಿಟ್ಟಳು.

"ನಾನು ಬೈಗುಳ ಬಿಡ್ತೀನಿ," ಅಂದ ಆರ್ಮಂಡ್.

"ಕಾರಿನ ಕೆಳಗೆ ಮಲಗ್ಕೊಂಡಾ?" ಫರ್ನಾಂಡ್ ನಕ್ಕುಬಿಟ್ಟಳು. ಗಿರಣಿ ಕೆಲಸಕ್ಕೆಂದು ಈ ಊರಿಗೆ ಬಂದ ನಮ್ಮ ಫ್ರೆಂಚ್ ಜನ ಬೈಯುವುದು ಪೂಜಾಪೀಠದ ಮೇಲಿನ ಪಾತ್ರೆ ಪಡಗಗಳ ಹೆಸರು ಹಿಡಿದೇ. ಆರ್ಮಂಡ್ ಒಂದು ತುಕ್ಕು ಹಿಡಿದ ನಟ್ಟು ಬಿಚ್ಚುವಷ್ಟರಲ್ಲಿ ಇಡೀ ಚರ್ಚು ಖಾಲಿಯಾಗುತ್ತಿತ್ತು.

ಶನಿವಾರ ಅವನು ಓಡೀಲಳ ಪಕ್ಕ ಕೂತು ಬೀದಿಯ ಕೊನೆಯವರೆಗೆ ಹೋಗಿ ಬಂದ. ಗುಂಡಿ ಹಾಯ್ದಾಗಲೆಲ್ಲ ಅವಳು, "ಕೇಳಿಸ್ತಾ?" ಅಂದಳು. "ಕೇಳಿಸ್ತು, ಕೇಳಿಸ್ತು," ಅಂದ. ಆಮೇಲೆ ಶೆಡ್ಡಿನಲ್ಲಿ ಬಲಗಡೆಯ ಮುಂಗಾಲಿ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ರಟ್ಟು ಹಾಸಿ, ಕೆಳಗೆ ನುಸುಳಿದ. ಒಂದೊಂದೇ ಭಾಗ ಹಿಡಿದು ಅಲ್ಲಾಡಿಸಿದ.

"ಲಿಂಕು ನೋಡಿದ್ಯಾ?" ಓಡೀಲ್ ಬಗ್ಗಿ ಕೇಳಿದಳು. ವೃದ್ಧಾಶ್ರಮದಲ್ಲಿ ಜೊತೆಗೆ ಕೆಲಸ ಮಾಡುವ ಹೋದಾನ್ ಎಂಬವಳು ತನ್ನ ಅಣ್ಣನನ್ನು ಕೇಳಿಕೊಂಡು ಬಂದು ಹೇಳಿದ್ದಳು, ಹಳೇ ಕಾರಿನಲ್ಲಿ ಅಂಥ ಸದ್ದು ಬಂದರೆ ಮೊದಲು ಅದನ್ನು ನೋಡಬೇಕಂತೆ ಎಂದು. ಎರಡು ಮುಂಗಾಲಿಗಳ ನಡುವೆ ಒಂದು ಅಡ್ಡ ಸರಳು ಇರುತ್ತದೆ, ತಿರುವಿನಲ್ಲಿ ಕಾರು ಒಂದು ಕಡೆ ವಾಲದ ಹಾಗೆ. ಆ ಸರಳಿನ ತುದಿಯನ್ನು ಆಯಾ ಗಾಲಿಗೆ ಹಿಡಿಸುವ ಗೇಣುದ್ದದ ಕಡ್ಡಿಯೇ ಲಿಂಕು. ಅದರ ಎರಡು ತುದಿಯಲ್ಲೂ ಗುಂಡು ಕೀಲು.

"ನೋಡ್ದೆ. ಕಲ್ಲು ಇದ್ದ ಹಾಗಿದೆ. ಒಂದು ಕೂದಲೂ ಅಲ್ಲಾಡಲ್ಲ."

"ಎರಡೂ ಗಾಲಿ ಎತ್ತಿ ನೋಡಬೇಕೇನೋ ಅಪ್ಪ."

"ಎರಡೂ ಕಾಲು ಎತ್ತಿದೋನು ಆಸ್ಪತ್ರೆಗೆ ಹೋಗ್ತಾನೆ. ಗಿರಣೀಲಿ ಮಗ್ಗದ ಒಂದು ಕಾಲು ಎತ್ತಿದ್ರೆ ಮೂರು ನೆಲದ ಮೇಲೇ ಇರಬೇಕು. ಎರಡು ಎತ್ತಿದೋರ ಬೆರಳು ನಾನು ಹೆಕ್ಕಿದೀನಿ. ನನ್ನ ಹತ್ತು ಬೆರಳು ನೋಡು."

ಬೆರಳು ಹತ್ತೂ ಇದ್ದವು. ಅದರ ಮುಂದೆ ವಾದವಿರಲಿಲ್ಲ.

ಲಿಂಕು ಸರಿಯಿದೆ ಎಂದ ಮೇಲೆ ಗಾಲಿಯನ್ನು ಕೆಳಗಿನಿಂದ ಹಿಡಿದಿರುವ ಬಾಲ್ ಜಾಯಿಂಟು ಬದಲಾಯಿಸಿದ. ಉಪ್ಪು ಸುರಿದ ರಸ್ತೆಯಲ್ಲಿ ಹತ್ತೊಂಬತ್ತು ಚಳಿಗಾಲ ಓಡಿದ ಕಾರು, ಯಾವ ನಟ್ಟೂ ಸುಲಭವಾಗಿ ಬಿಡುವುದಿಲ್ಲ. ಅದಕ್ಕೇ ಎಂಟು ದಿನ ಹಿಡಿಯಿತು. ಗಾಲಿ ಹಾಕಿ ಓಡಿಸಿದರೆ ಸದ್ದು ಹಾಗೇ ಇತ್ತು. ಮತ್ತೆ ಬಿಚ್ಚಿ, ಕೀಲುಗಳ ನಡುವೆ ಕೂರುವ ರಬ್ಬರು ಬುಶ್ಶುಗಳನ್ನು ತರಿಸಿದ. ತಪ್ಪು ಬುಶ್ಶು ಬಂತು, ಹಿಂದಕ್ಕೆ ಹೋಯಿತು, ಸರಿಯಾದದ್ದು ಬಂತು. ಅಷ್ಟರಲ್ಲಿ ಮಾಂಸ ಮುಟ್ಟದ ಮೂರು ಶುಕ್ರವಾರದ ಮೀನಿನ ಕಡುಬು ಮುಗಿದಿತ್ತು.

ಆ ದಿನಗಳಲ್ಲಿ ಓಡೀಲ್ ಹೋದಾನಳ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದಳು. ಅಂಗಡಿಗಾಗಲಿ ಬೇರೆಲ್ಲಿಗಾಗಲಿ ಹೋಗುವಂತಿರಲಿಲ್ಲ. ಪೋರ್ಟ್‌ಲ್ಯಾಂಡಿನ ಕೋಣೆ ಇನ್ನೊಮ್ಮೆ ನೋಡಲು ಹೋಗುವುದಿತ್ತು, ಅದೂ ತಪ್ಪಿತು. ಸಂಜೆ ಊಟವಾದ ಕೂಡಲೇ ಫರ್ನಾಂಡ್ ಇಸ್ಪೀಟು ತೆಗೆಯುತ್ತಿದ್ದಳು.

"ಒಂದಾಟ."

"ಸಾಕಾಗಿದೆ ಅಮ್ಮ."

"ನಿಮ್ಮಪ್ಪನ ಜೊತೆ ಆಡೋಕಾಗುತ್ತಾ? ನಾನು ಹದಿನೈದು ಅಂದ್ರೆ ಅವನು ಐವತ್ತು ಅಂತ ಬರ್ಕೋತಾನೆ."

ಓಡೀಲ್ ಆಡುತ್ತಿದ್ದಳು. ಆಡುತ್ತ ಕಿಟಕಿಯಿಂದ ಶೆಡ್ಡಿನ ಕಡೆ ನೋಡುತ್ತಿದ್ದಳು. ಒಂದು ಮೂಲೆ ಮೇಲೆತ್ತಿ ಕಾರು ಅಲ್ಲೇ ನಿಂತಿರುತ್ತಿತ್ತು.

ನಾಲ್ಕನೆಯ ಶನಿವಾರ ಬುಶ್ಶು ಹಾಕಿ ಆಯಿತು. ಓಡೀಲ್ ಬೀದಿ ಸುತ್ತಿ ಬಂದಳು. ಕಟ್, ಕಟ್. ಇಳಿದವಳು ಬಾಗಿಲನ್ನು ಬಡಿದು ಮುಚ್ಚಿದಳು.

"ಹೋಯ್ತಾ?" ಅಂದ ಆರ್ಮಂಡ್.

"ಇಲ್ಲ! ಅಪ್ಪ, ನೀನು ಬೇಕೂಂತ್ಲೇ ಮಾಡ್ತಿದೀಯ."

"ಏನು?"

"ಬೇಕೂಂತ್ಲೇ! ನಾನು ಹೋಗಬಾರದು ಅಂತ! ಒಂದು ತಿಂಗಳು ಆಯ್ತು. ಸರಿಯಿರೋದನ್ನೆಲ್ಲ ಬಿಚ್ಚಿದ್ದೀಯ, ಕೆಟ್ಟಿರೋದೊಂದನ್ನ ಬಿಟ್ಟು!"

ಆರ್ಮಂಡ್ ಕೈಯಲ್ಲಿದ್ದ ಸ್ಪ್ಯಾನರನ್ನು ಚಿಂದಿಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹೌದು," ಅಂದ. "ಬೇಕೂಂತ್ಲೇ ಮಾಡ್ದೆ. ಸರೀನಾ?"

ಅವನು ಒಳಗೆ ಹೋಗಿ ಕಾರಿನ ಕೀಲಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹಾಕಿ ಮಲಗುವ ಕೋಣೆ ಸೇರಿದ. ಶನಿವಾರದ ಬೀನ್ಸು ಮಡಕೆಯಲ್ಲಿ ಬೆಳಗಿನಿಂದ ಬೆಂದಿತ್ತು. ಮಧ್ಯಾಹ್ನದ ಊಟಕ್ಕೆ ಅವನು ಬರಲಿಲ್ಲ.

"ಒಪ್ಕೊಂಡ ನೋಡು," ಎಂದಳು ಓಡೀಲ್. "ಬಾಯಿಬಿಟ್ಟು ಒಪ್ಕೊಂಡ."

ಫರ್ನಾಂಡ್ ತಟ್ಟೆ ತೊಳೆಯುತ್ತಿದ್ದಳು. "ಅವನು ಸುಳ್ಳು ಹೇಳ್ದ."

"ಯಾರಾದ್ರೂ ಅಂಥ ಸುಳ್ಳು ಹೇಳ್ತಾರಾ?"

"ಹೇಳ್ತಾರೆ. ಈಸ್ಟರ್ ತನಕ ಎಳೆದುಬಿಡು ಅಂತ ಅವನಿಗೆ ನಾನು ಹೇಳಿದ್ದೆ. ಹೂಂ, ನಾನೇ. ಹಾಗೆ ನೋಡಬೇಡ. ಅವನು ಏನಂದ ಗೊತ್ತಾ? ಕೆಟ್ಟ ಕಾರಲ್ಲಿ ಅವಳು ಹೋಗೋದೂ ಬೇಡ, ಒಳ್ಳೇ ಕಾರಿಟ್ಕೊಂಡು ಇಲ್ಲಿ ಕೊಳೆಯೋದೂ ಬೇಡ ಅಂದ. ನಿಜವಾಗ್ಲೂ ಹುಡುಕ್ತಿದಾನೆ. ಸಿಕ್ತಿಲ್ಲ."

"ಸದ್ದು ಕೇಳಿಸ್ತು ಅಂದನಲ್ಲ?"

"ಅವನಿಗೆ ಆ ಸದ್ದು ಕೇಳಿಸೋದೇ ಇಲ್ಲ ಕಣೇ." ಫರ್ನಾಂಡ್ ಕೈ ಒರೆಸಿಕೊಂಡಳು. "ಮನೇಲಿ ಟೆಲಿಫೋನು ಬಡ್ಕೊಂಡ್ರೆ ಕೇಳಿಸಲ್ಲ, ಕಾರಿನ ಕೆಳಗಿನ ಕಟಕಟ ಕೇಳಿಸುತ್ತಾ? ಕಳ್ಳ ಅಂದ್ರೂ ಒಪ್ಕೋತಾನೆ, ಕೈಲಾಗಲ್ಲ ಅನ್ನಿಸ್ಕೊಳ್ಳಲ್ಲ. ಕಿವಿ ಮೆಷಿನ್ನಿನ ಮಾತೆತ್ತಿದ್ರೆ ಎದ್ದುಹೋಗ್ತಾನೆ, ಅದು ಮುದುಕರಿಗಂತೆ."

ಓಡೀಲ್ ಮೇಜಿನ ಮೇಲಿನ ಕೀಲಿ ತೆಗೆದುಕೊಂಡಳು. "ಕೋಟು ಹಾಕ್ಕೋ."

"ನಾನ್ಯಾಕೆ?"

"ನಿನ್ನ ಕಿವಿ ಬೇಕು."

ಚರ್ಚಿನ ಪಕ್ಕದ ಕಾರು ನಿಲ್ಲಿಸುವ ಬಯಲಿನಲ್ಲಿ ವೇಗ ತಗ್ಗಿಸಲು ಅಡ್ಡಡ್ಡ ಕಟ್ಟಿದ ಎರಡು ಹಂಪುಗಳಿವೆ. ಓಡೀಲ್ ಮೊದಲು ನೇರವಾಗಿ ಹಾಯಿಸಿದಳು, ಎರಡೂ ಮುಂಗಾಲಿ ಒಟ್ಟಿಗೆ ಏರಿ ಇಳಿದವು.

"ಏನೂ ಇಲ್ಲ," ಎಂದಳು ಫರ್ನಾಂಡ್.

ಇನ್ನೊಮ್ಮೆ ಹಂಪಿನ ಅಂಚಿಗೆ ಹೋಗಿ ಬಲಗಾಲಿಯನ್ನು ಮಾತ್ರ ಹತ್ತಿಸಿದಳು.

"ಅಯ್ಯೋ, ಬಂತು! ಇಲ್ಲೇ, ನನ್ನ ಕಾಲ ಹತ್ರ."

ಆರೇಳು ಸಲ ಮಾಡಿದರು. ಪಾದ್ರಿ ಕಿಟಕಿಯಿಂದ ಇಣುಕಿ ನೋಡಿ ಹೋದರು. ಪ್ರತಿ ಸಲವೂ ಅಷ್ಟೇ, ಎರಡೂ ಗಾಲಿ ಒಟ್ಟಿಗೆ ಏರಿದರೆ ಮೌನ, ಒಂದೇ ಏರಿದರೆ ಕಟ್.

ಸಂಜೆ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ಓಡೀಲ್ ಅದನ್ನು ಹೇಳಿದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಎರಡನೇ ಸಲ ಹೇಳಿದಾಗ ಎದ್ದು ಕೂತ.

"ಒಟ್ಟಿಗೆ ಎದ್ದರೆ ಇಲ್ವಾ?"

"ಇಲ್ಲ."

"ಹಾಗಾದ್ರೆ ಎರಡನ್ನೂ ಕೂಡಿಸೋದು ಯಾವುದೋ ಅದು." ತಲೆ ಕೆರೆದುಕೊಂಡ. "ಆದ್ರೆ ಲಿಂಕು ಬಿಗಿ ಇತ್ತಲ್ಲ? ಕೈಯಾರೆ ಅಲ್ಲಾಡ್ಸಿದೀನಿ."

"ಆಗ ಒಂದು ಗಾಲಿ ಮೇಲಿತ್ತಲ್ಲ ಅಪ್ಪ. ಸರಳು ತಿರುಚ್ಕೊಂಡು ಲಿಂಕನ್ನ ಎಳೆದು ಹಿಡ್ಕೊಂಡಿತ್ತೇನೋ. ಎಳೆದು ಹಿಡಿದದ್ದು ಹೇಗೆ ಅಲ್ಲಾಡುತ್ತೆ?"

ಆರ್ಮಂಡ್ ಮಂಚದಿಂದ ಕಾಲು ಇಳಿಸಿದ. ಬೂಟು ಹುಡುಕಿದ.

ಎರಡು ದಪ್ಪ ಹಲಗೆಯ ಮೇಲೆ ಎರಡೂ ಮುಂಗಾಲಿ ಹತ್ತಿಸಿ ನಿಲ್ಲಿಸಿದರು. ಕಾರಿನ ಭಾರವೆಲ್ಲ ಗಾಲಿಯ ಮೇಲೇ ಇತ್ತು. ಈ ಸಲ ಕೆಳಗೆ ನುಸುಳಿದವಳು ಓಡೀಲ್. ಬಲಗಡೆಯ ಲಿಂಕು ಹಿಡಿದು ಅಲ್ಲಾಡಿಸಿದಳು. ಒಣಗಿದ ಬಟಾಣಿ ತುಂಬಿದ ಡಬ್ಬಿಯ ಹಾಗೆ ಅದು ಗಡಗಡ ಅಂದಿತು.

"ಕೈ ಕೊಡು ಅಪ್ಪ."

ಅವನು ಮಂಡಿಯೂರಿ ಗಾಲಿಯ ಹಿಂದಿನಿಂದ ಕೈ ಚಾಚಿದ. ಅವಳು ಅವನ ಬೆರಳುಗಳನ್ನು ಕೀಲಿನ ಮೇಲಿಟ್ಟು ಮತ್ತೆ ಅಲ್ಲಾಡಿಸಿದಳು. ತುಸು ಹೊತ್ತು ಅವನು ಕೈ ತೆಗೆಯಲಿಲ್ಲ. ಬಾಯಿ ಏನನ್ನೋ ಹೇಳಲು ತೆರೆಯಿತು.

"ವ್ರತ!" ಎಂದು ಫರ್ನಾಂಡ್ ಬಾಗಿಲಿನಿಂದ ಕೂಗಿದಳು.

"ನಲವತ್ತು ದಿನ ಸಣ್ಣ ವ್ರತವಲ್ಲ," ಅಂದ ಆರ್ಮಂಡ್.

ಅಂಗಡಿಯಲ್ಲಿ ಆ ಭಾಗವಿರಲಿಲ್ಲ. ತರಿಸಲು ಮೂರು ವಾರ ಹಿಡಿದು, ಎರಡೂ ಕಡೆಗೆ ಹೊಸ ಲಿಂಕು ಬರುವ ಹೊತ್ತಿಗೆ ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರ, ಬಂತು. ಸೋಮವಾರಕ್ಕೆ ಇನ್ನೆರಡೇ ದಿನ. ಒಂದು ಸವೆದರೆ ಇನ್ನೊಂದೂ ಸವೆದಿರುತ್ತದೆ, ಜೋಡಿಯಾಗೇ ಹಾಕಬೇಕು ಎಂದು ಆರ್ಮಂಡನೇ ಹೇಳಿದ. ನಟ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದ.

ಬೆಳಗ್ಗೆ ಅಭ್ಯಾಸದಂತೆ ಬಲಗಡೆ ಒಂದನ್ನೇ ಎತ್ತಿದ. ನಟ್ಟಿನ ಜೊತೆ ಬೋಲ್ಟೂ ಸುತ್ತತೊಡಗಿತು. ಬೋಲ್ಟಿನ ತುದಿಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿಯಲು ನೋಡಿದರೆ ಆ ತುದಿಯೇ ಸವೆದು ಹೋಗಿತ್ತು. ಓಡೀಲ್ ಕಬ್ಬಿಣದ ಗರಗಸ ಹಿಡಿದು ಕೊಯ್ದಳು. ಅವಳ ಕೈ ಸೋತಾಗ ಅವನು, ಅವನ ಎದೆ ಏದುಸಿರು ಬಿಟ್ಟಾಗ ಅವಳು. ಹಳೆಯ ಲಿಂಕು ಕೆಳಗೆ ಬಿತ್ತು. ಹೊಸದನ್ನು ಹಿಡಿದು ನೋಡಿದರೆ ತೂತಿಗೆ ಎರಡು ಬೆರಳಿನಷ್ಟು ದೂರ ನಿಂತಿತು. ಸರಳಿಗೆ ಕಬ್ಬಿಣದ ಸಲಾಕೆ ಕೊಟ್ಟು ಆರ್ಮಂಡ್ ಒತ್ತಿದ, ಸಲಾಕೆ ಜಾರಿ ಅವನ ಗೆಣ್ಣಿನ ಚರ್ಮ ಕಿತ್ತುಬಂತು.

"ಅಪ್ಪ, ಎರಡೂ ಎತ್ತಬೇಕು."

"ಸ್ಟ್ಯಾಂಡು ಒಂದೇ ಇರೋದು."

"ಎದುರುಮನೆ ಗೇಟನ್ ಹತ್ರ ಇದೆ."

"ಗೇಟನ್ ಹತ್ರ ಕೇಳೋದಾ? ಅವನ ಹಿಮ ಯಂತ್ರಾನೇ ನಾನು ರಿಪೇರಿ ಮಾಡ್ಕೊಡ್ತೀನಿ!"

"ನೀನು ಕೇಳಬೇಡ. ನಾನು ಕೇಳ್ತೀನಿ."

ಗೇಟನ್ ಸ್ಟ್ಯಾಂಡು ಹೊತ್ತು ತಾನೇ ಬಂದ. "ಏನ್ ಆರ್ಮಂಡ್, ಕೊನೆಗೂ ಎರಡು ಕಾಲು ಎತ್ತಿದ್ಯಾ? ಗಿರಣಿಯವರು ಕೇಳಿದ್ರೆ ಸಂಬಳ ಹಿಡೀತಾರೆ," ಅಂದ.

"ನೀನು ನಿನ್ನ ಬೆರಳು ಜೋಬಲ್ಲಿಟ್ಕೋ," ಅಂದ ಆರ್ಮಂಡ್. ಹಿಂದಿನ ಗಾಲಿಗಳಿಗೆ ಇಟ್ಟಿಗೆ ಕೊಟ್ಟ. ಕಾರನ್ನು ಅಲ್ಲಾಡಿಸಿ ನೋಡಿದ. ಇನ್ನೂ ಎರಡು ಇಟ್ಟಿಗೆ ಕೊಟ್ಟ. ಆಮೇಲೇ ಎಡಗಾಲಿ ಎತ್ತಿದ.

ಎರಡೂ ಗಾಲಿ ನೇತಾಡಿದ ಕೂಡಲೇ ಸರಳು ಸಡಿಲಾಯಿತು. ಓಡೀಲ್ ಎರಡೇ ಬೆರಳಿನಿಂದ ಲಿಂಕನ್ನು ತೂತಿಗೆ ತಳ್ಳಿದಳು. ಇಡೀ ತಿಂಗಳು ಕೊಡದ ಕಾರು ಎಡಗಡೆಯದನ್ನು ಅರ್ಧ ಗಂಟೆಯಲ್ಲಿ ಕೊಟ್ಟುಬಿಟ್ಟಿತು.

ಮಧ್ಯಾಹ್ನ ಮೂವರೂ ಚರ್ಚಿನ ಬಯಲಿಗೆ ಹೋದರು. ಓಡೀಲ್ ಸ್ಟೀರಿಂಗಿನಲ್ಲಿ, ಆರ್ಮಂಡ್ ಪಕ್ಕದಲ್ಲಿ, ಫರ್ನಾಂಡ್ ಹಿಂದೆ. ಬಲಗಾಲಿ ಹಂಪು ಹತ್ತಿ ಇಳಿಯಿತು. ಏನೂ ಇಲ್ಲ. ಎಡಗಾಲಿ ಹತ್ತಿ ಇಳಿಯಿತು. ಏನೂ ಇಲ್ಲ.

"ಹೋಯ್ತಾ?" ಆರ್ಮಂಡ್ ಹಿಂದಕ್ಕೆ ತಿರುಗಿ ಹೆಂಡತಿಯನ್ನು ಕೇಳಿದ.

ಫರ್ನಾಂಡ್ ಮಗಳ ಬೆನ್ನನ್ನು ನೋಡಿದಳು.

"ಇದೆ," ಅಂದಳು. ಕೈಯಿಂದಲೂ ತೋರಿಸಿದಳು. "ಇನ್ನೂ ಇದೆ."

"ಅಮ್ಮ!"

"ನಂಗೆ ಕೇಳಿಸ್ತಪ್ಪ. ಸಣ್ಣಗೆ. ಹೈವೇ ಮೇಲೆ ಏನಾದ್ರೂ ಆದ್ರೆ?"

ಆರ್ಮಂಡ್ ಒಬ್ಬಳ ಮುಖ ನೋಡಿದ, ಇನ್ನೊಬ್ಬಳ ಮುಖ ನೋಡಿದ. ಆಮೇಲೆ ಬಗ್ಗಿ ಬೂಟಿನ ದಾರ ಬಿಚ್ಚಿದ. ಬೂಟು ಕಳಚಿ, ಕಾಲುಚೀಲವನ್ನೂ ಎಳೆದು ತೆಗೆದು, ಬರಿಯ ಪಾದವನ್ನು ಕಾರಿನ ನೆಲಕ್ಕೆ ಒತ್ತಿದ.

"ಇನ್ನೊಂದು ಸಲ ಹತ್ತಿಸು."

ಓಡೀಲ್ ಹತ್ತಿಸಿದಳು. ಇನ್ನೊಂದು ಅಂದ, ಮತ್ತೆ ಹತ್ತಿಸಿದಳು.

"ಇಲ್ಲ. ಹೋಗಿದೆ," ಅಂದ ಆರ್ಮಂಡ್. "ಮಗ್ಗದ ಮನೇಲಿ ಕಿವಿ ಯಾರಿಗಿತ್ತು? ಯಾವ ಮಗ್ಗ ಕೆಟ್ಟಿದೆ ಅಂತ ನಾವು ಕಾಲಲ್ಲೇ ತಿಳ್ಕೋತಿದ್ವಿ."

"ಮತ್ತೆ ಮೊದಲನೇ ದಿನವೇ ಯಾಕೆ ಮಾಡ್ಲಿಲ್ಲ?" ಎಂದಳು ಓಡೀಲ್, ಗಟ್ಟಿಯಾಗಿ.

"ನಿಮ್ಮೆದುರಿಗೆ ಬೂಟು ಬಿಚ್ಚಿದ್ರೆ ಕಿವಿ ಕೇಳಲ್ಲ ಅಂತ ಒಪ್ಕೊಂಡ ಹಾಗಲ್ವಾ?"

ಹಿಂದಿನ ಸೀಟಿನಲ್ಲಿ ಫರ್ನಾಂಡ್ ಕರವಸ್ತ್ರ ತೆಗೆದಳು. "ಇವಳು ಹೋಗ್ಲಿ. ಹೋಗ್ಲಿ. ಆಮೇಲೆ ಆ ಅಡುಗೆಮನೇಲಿ ನಾನು ಯಾರ ಹತ್ರ ಮಾತಾಡ್ಲಿ? ಐದು ವರ್ಷದಿಂದ ಆ ಮನೇಲಿ ನನ್ನ ಮಾತು ಒಂದೇ ಸಲಕ್ಕೆ ಕೇಳಿಸ್ಕೊಂಡವಳು ಇವಳೊಬ್ಬಳು. ಗೋಡೆ ಜೊತೆ ಸಂಸಾರ ಮಾಡಿದ ಹಾಗಾಗುತ್ತೆ ನಂಗೆ."

"ಏನಂತಾಳೆ?" ಆರ್ಮಂಡ್ ಮಗಳನ್ನು ಕೇಳಿದ.

ಓಡೀಲ್ ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಕಾರು ಬಂದ್ ಮಾಡಿ ಕೀಲಿ ತೆಗೆದುಕೊಂಡಳು.

"ಅವಳನ್ನೇ ಕೇಳು."

ಇಳಿದು ಬಾಗಿಲು ಮುಚ್ಚಿ ಚರ್ಚಿನ ಗೋಡೆಯವರೆಗೂ ನಡೆದಳು. ಗೋಡೆಯ ಬುಡದಲ್ಲಿ ಕರಗದ ಹಿಮ ಕೊಳೆ ಹಿಡಿದು ಕಪ್ಪಾಗಿ ಬಿದ್ದಿತ್ತು. ಸಿಗರೇಟಿಗೆಂದು ಜೋಬು ತಡಕಿದಳು, ಖಾಲಿಯಿತ್ತು. ಗಾಳಿಗೆ ಬೆನ್ನು ಕೊಟ್ಟು ನಿಂತಳು. ಕಾರಿನಲ್ಲಿ ಅಪ್ಪ ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು, ಹಾಗೇ ಇಳಿದು ಹಿಂದಿನ ಬಾಗಿಲು ತೆಗೆದು ಅಮ್ಮನ ಪಕ್ಕ ಕೂತದ್ದು ಕಾಣಿಸಿತು. ಅಮ್ಮನ ಕೈ ಮೇಲೆ ಕೆಳಗೆ ಆಡುತ್ತಿತ್ತು. ಅಪ್ಪ ಅವಳ ಬಾಯಿಯನ್ನೇ ನೋಡುತ್ತಿದ್ದ. ಗಾಜಿಗೆ ಉಸಿರು ಕಟ್ಟಿ ಆಮೇಲೆ ಏನೂ ಕಾಣದಾಯಿತು. ಕಾಲು ಮರಗಟ್ಟುವ ತನಕ ಅವಳು ಅಲ್ಲೇ ನಿಂತಿದ್ದಳು. ಹೋಗಲು ಬೇರೆ ಜಾಗವಿರಲಿಲ್ಲ.

ಕೊನೆಗೆ ಹಿಂದಿನ ಕಿಟಕಿಯ ಗಾಜನ್ನು ಒಳಗಿನಿಂದ ಬಡಿದ ಸದ್ದಾಯಿತು. ಅವಳು ಬಂದು ಬಾಗಿಲು ತೆಗೆದಳು. ಇಬ್ಬರ ಮುಖವೂ ಕೆಂಪಾಗಿತ್ತು.

"ಸೋಮವಾರ ಎಷ್ಟೊತ್ತಿಗೆ ಹೊರಡ್ಬೇಕು?" ಅಂದ ಆರ್ಮಂಡ್.

"ಐದೂವರೆಗೆ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಕೈಬೆರಳಲ್ಲಿ ಐದೂವರೆ ತೋರಿಸಿದಳು.

"ಮಂಗಳವಾರ ನನ್ನ ಕಿವಿ ತೋರಿಸ್ಬೇಕಂತೆ. ಇವಳ ಆಜ್ಞೆ. ಇಲ್ದಿದ್ರೆ ಅಡುಗೆ ಮಾಡಲ್ವಂತೆ." ಅವನು ಬರಿಗಾಲನ್ನು ಇನ್ನೊಂದು ಬೂಟಿನ ಮೇಲಿಟ್ಟುಕೊಂಡಿದ್ದ. "ಡಾಕ್ಟರು ಊರಾಚೆ ಇರೋದು. ಕಾರು ನಿನ್ನ ಹತ್ರ ಇರುತ್ತೆ. ನಮ್ಮನ್ನ ಯಾರು ಕರ್ಕೊಂಡು ಹೋಗ್ತಾರೆ? ನೀನು ಬುಧವಾರ ಸೇರ್ಕೊಂಡ್ರೆ ಆಗಲ್ವಾ?"

ಓಡೀಲಳ ಕೈಯಲ್ಲಿ ಕೀಲಿ ಬೆಚ್ಚಗಾಗಿತ್ತು.

"ಬಸ್ಸಿದೆ ಅಪ್ಪ," ಎಂದಳು.

"ಏನು?"

ಅವಳು ಎರಡನೇ ಸಲ ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ಕಾದಳು. ಆಮೇಲೆ ಫರ್ನಾಂಡ್ ಮೂಗು ಒರೆಸಿಕೊಂಡು, ಗಂಡನ ತೋಳು ಹಿಡಿದು ತನ್ನ ಕಡೆ ತಿರುಗಿಸಿ, ಅವನ ಕಿವಿಯ ಹತ್ತಿರ ಕೂಗಿದಳು:

"ಬಸ್ಸಿದೆಯಂತೆ!"